ಹಿತ್ತಲ ಮಣ್ಣು

ಒಡ್ಡು ನಿಂತಿತು. ಪೇಟೆಯ ಒಂದು ಅಂಗಡಿಯ ಹೊಸ್ತಿಲೂ ಒದ್ದೆಯಾಗಲಿಲ್ಲ. ಆ ಸಂತೋಷಕ್ಕೆ ಅಂಗಡಿಯವರೆಲ್ಲ ಸೇರಿ ತಗ್ಗಿನ ಓಣಿಯ ಹೆಂಗಸರಿಗೆ ಒಂದು ಡಬ್ಬ ಸಿಹಿ ಕಳಿಸಿದರು. ಒಡ್ಡು ಕಟ್ಟಿದ ಕೈಗಳಿಗೆ ಅಂತ ಹೇಳಿ ಕಳಿಸಿದರಂತೆ. ಡಬ್ಬ ಓಣಿಗೆ ಬಂದಾಗ ದೊಡ್ಡಕ್ಕ ತಂಗಿಯ ಮಗಳ ಬಟ್ಟೆಗಳನ್ನು ಒಗೆದು ಹಗ್ಗದ ಮೇಲೆ ಹರವುತ್ತಿದ್ದಳು. ತೊಡುವ ಮಗು ಇರಲಿಲ್ಲ. ಬಟ್ಟೆ ಕೆಸರಾಗಿದ್ದವು, ಒಗೆದಳು.

ಅವಳು ಬರೀ ತನ್ನ ತಂಗಿಗೆ ಅಕ್ಕ. ಆದರೂ ಓಣಿಗೆ ಓಣಿಯೇ ಅವಳನ್ನು ದೊಡ್ಡಕ್ಕ ಅನ್ನುತ್ತಿತ್ತು. ಮಣ್ಣು ಹೊರುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಮೇಸ್ತ್ರಿಗೆ ಆಳು ಬೇಕಾದರೆ ಅವಳ ಬಾಗಿಲಿಗೆ ಬರುತ್ತಿದ್ದ. ಅವಳು ಹೂಂ ಅಂದರೆ ಇಡೀ ಗುಂಪು ಹೂಂ ಅಂದ ಹಾಗೆ.

ಗುಡ್ಡದಿಂದ ಇಳಿದು ಬರುವ ಹಳ್ಳ ಪ್ರತಿ ಮಳೆಗೂ ಪೇಟೆಗೆ ನುಗ್ಗುತ್ತಿತ್ತು. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಬ್ಯಾಂಕು, ಎಲ್ಲ ಕಡೆ ಕೆಸರು. ಅದಕ್ಕೆ ಪೇಟೆಯ ಮೇಲ್ಗಡೆ, ಹಳ್ಳಕ್ಕೆ ಅಡ್ಡವಾಗಿ, ಒಂದು ಮಣ್ಣಿನ ಒಡ್ಡು ಹಾಕುವುದೆಂದು ತೀರ್ಮಾನವಾಯಿತು. ಮಳೆ ನೀರು ಒಡ್ಡಿನ ಹಿಂದೆ ನಿಲ್ಲಬೇಕು. ಬುಡದಲ್ಲಿಟ್ಟ ಪೈಪಿನಿಂದ ಸ್ವಲ್ಪ ಸ್ವಲ್ಪವೇ ಇಳಿದು ಹೋಗಬೇಕು. ನೀರನ್ನು ತಡೆದರೆ ಅದು ಎಲ್ಲಾದರೂ ನಿಲ್ಲಲೇಬೇಕಲ್ಲ. ನಿಲ್ಲುವ ಜಾಗದಲ್ಲಿ ತಗ್ಗಿನ ಓಣಿ ಇತ್ತು.

ಕೆಲಸ ಶುರುವಾದ ದಿನ ರೇಡಿಯೋ ಇದನ್ನು ಕೇಳಿಯೇಬಿಟ್ಟಳು. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲದ ಹೆಂಗಸು, ಅದಕ್ಕೇ ಆ ಹೆಸರು.

"ಸ್ವಾಮಿ, ಒಡ್ಡಿನ ಆ ಕಡೆ ಪೇಟೆ. ಈ ಕಡೆ ನಾವು. ನೀರೂ ಈ ಕಡೇನೇ ಅಲ್ವಾ?"

ಇಂಜಿನಿಯರ್ ನಕ್ಕ. ಒಳ್ಳೆಯ ನಗು. "ಮೊಣಕಾಲವರೆಗೆ ಬರುತ್ತಮ್ಮ. ಎರಡು ದಿನದಲ್ಲಿ ಇಳಿದು ಹೋಗುತ್ತೆ. ಮೊಣಕಾಲುದ್ದ ನೀರಿಗೆ ಯಾರಾದ್ರೂ ಸತ್ತಿದ್ದುಂಟಾ?"

ಹೆಂಗಸರೂ ನಕ್ಕರು. ಕೆಲಸ ಕೊಡುವವನು ನಕ್ಕಾಗ ನಗದಿದ್ದರೆ ಹೇಗೆ?

ಮಣ್ಣಿಗೆ ಅವನು ಗುರುತು ಹಾಕಿದ್ದು ಓಣಿಯಾಚೆಯ ದಿಬ್ಬಕ್ಕೆ. ದಿಬ್ಬದಿಂದ ಒಡ್ಡಿಗೆ ದೂರದ ದಾರಿ, ಅದರಲ್ಲೂ ಅರ್ಧ ಏರು. ಬಾಂಡ್ಲಿ ತುಂಬ ಮಣ್ಣು, ತಲೆಯ ಮೇಲೆ ಬಟ್ಟೆಯ ಸಿಂಬೆ, ಕುತ್ತಿಗೆ ಅಲುಗಿಸುವ ಹಾಗಿಲ್ಲ. ಬೆವರು ಕಣ್ಣಿಗಿಳಿದರೂ ಒರೆಸುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯ ನರಗಳು ಹಗ್ಗದ ಹಾಗೆ ಬಿಗಿಯುತ್ತಿದ್ದವು. ಮೇಸ್ತ್ರಿಗೆ ಚಹಾ ಗಾಜಿನ ಲೋಟದಲ್ಲಿ ಬರುತ್ತಿತ್ತು. ಹೆಂಗಸರಿಗೆ ಬಣ್ಣದ ಡಬ್ಬದ ಮುಚ್ಚಳದಲ್ಲಿ. ಮುಚ್ಚಳ ತೊಳೆದಿಡುವ ಕೆಲಸವೂ ಅವರದೇ.

ತಂಗಿ ಆಗ ತುಂಬಿದ ಬಸುರಿ. ಅವಳ ಗಂಡ ಲಾರಿಯ ಕ್ಲೀನರ್, ಎಲ್ಲೋ ದಾರಿಯ ಮೇಲೇ ಇರುವವನು. ಕೆಲಸ ಬಿಟ್ಟು ಕೂರುವ ಸ್ಥಿತಿ ಅವಳದಲ್ಲ. ಮಣ್ಣು ಸುರಿದು ವಾಪಸು ಬರುವಾಗ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದಳು. ಕೂತರೆ ಏಳಲು ಆಗುವುದಿಲ್ಲ ಎಂದು ಕೂರುತ್ತಿರಲಿಲ್ಲ. ದೊಡ್ಡಕ್ಕ ಅವಳ ಪಾದ ನೋಡಿದಳು. ಊದಿ, ಬೆರಳುಗಳ ನಡುವೆ ಸಂದೇ ಇಲ್ಲದ ಹಾಗಾಗಿತ್ತು. ಆ ಪಾದಗಳನ್ನು ಚಿಕ್ಕಂದಿನಲ್ಲಿ ಉಜ್ಜಿ ತೊಳೆದವಳು ಅವಳೇ. ಅವ್ವ ಬೇಗ ಹೋದಳು. ತಂಗಿಯನ್ನು ಬೆಳೆಸಿದ್ದು ಅಕ್ಕ.

ಅವತ್ತು ಸಂಜೆ ದೊಡ್ಡಕ್ಕ ಮನೆಯ ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ಕೆದಕಿದಳು. ಉಂಡೆ ಮಾಡಿ ಕೆಳಗೆ ಬಿಟ್ಟಳು. ಒಡೆಯಲಿಲ್ಲ. ಜಿಗುಟು ಮಣ್ಣು. ಮರುದಿನ ಮೇಸ್ತ್ರಿಗೆ ಹೇಳಿದಳು:

"ಅಷ್ಟು ದೂರದಿಂದ ಯಾಕೆ ಹೊರಬೇಕು? ನಮ್ಮ ಹಿತ್ತಲಲ್ಲೇ ಒಳ್ಳೆ ಮಣ್ಣಿದೆ. ಅಲ್ಲೇ ಅಗೀತೀವಿ. ಒಡ್ಡಿಗೆ ನಾಲ್ಕು ಹೆಜ್ಜೆ."

ಮೇಸ್ತ್ರಿ ಇಂಜಿನಿಯರನನ್ನು ಕರೆತಂದ. ಅವನು ಬೂಟುಗಾಲಿನಲ್ಲಿ ಮಣ್ಣು ಒತ್ತಿ ನೋಡಿ, "ಒಳ್ಳೇದೇ ಆಯ್ತು, ಬೇಗ ಮುಗಿಯುತ್ತೆ" ಅಂದ. ಆಮೇಲೆ ಆ ಗುಂಡಿ ಏನಾಗುತ್ತದೆಂದು ಅವನು ಹೇಳಲಿಲ್ಲ. ದೊಡ್ಡಕ್ಕನೂ ಕೇಳಲಿಲ್ಲ. ತಂಗಿಗೆ ದಾರಿ ಕಡಿಮೆಯಾಯಿತು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಹೆಂಗಸರು ಅವತ್ತು ಅವಳನ್ನು ಹೊಗಳಿದ್ದೇ ಹೊಗಳಿದ್ದು. "ದೊಡ್ಡಕ್ಕ, ನಿನ್ನ ಹೊಟ್ಟೆ ತಣ್ಣಗಿರಲಿ, ನಮ್ಮ ಕುತ್ತಿಗೆ ಉಳಿಸಿದೆ" ಎಂದು ರೇಡಿಯೋ ಅವಳ ಕೆನ್ನೆ ಹಿಂಡಿದಳು.

ಸುರಿದ ಮಣ್ಣನ್ನು ನೀರು ಚಿಮುಕಿಸಿ ಕಾಲಲ್ಲೇ ದಮ್ಮಸ್ಸು ಮಾಡುತ್ತಿದ್ದರು. ಹೆಂಗಸರು ಕೈಗೆ ಕೈ ಹಿಡಿದು ಸಾಲಾಗಿ ನಿಂತು ಹಿಮ್ಮಡಿಯಿಂದ ತುಳಿಯಬೇಕು.

"ಹೂವು ತುಳಿದ ಹಾಗೆ ತುಳೀಬೇಡ್ರೇ, ಗಟ್ಟಿಯಾಗಿ ಊರಿ!" ಎಂದು ದೊಡ್ಡಕ್ಕ ಕೂಗುತ್ತಿದ್ದಳು.

"ಅತ್ತೆ ಮುಖ ನೆನೆಸ್ಕೊಂಡು ತುಳೀರಿ, ತಾನೇ ಗಟ್ಟಿಯಾಗುತ್ತೆ!" ಎಂದು ರೇಡಿಯೋ.

ತಂಗಿಯ ಹೆಣ್ಣು ಮಗುವೂ ಅಲ್ಲೇ ಓಡಾಡಿಕೊಂಡಿರುತ್ತಿತ್ತು. ತನಗಿಂತ ದೊಡ್ಡದೇನಾದರೂ ಎಳೆದುಕೊಂಡು ಹೋಗುವ ಚಾಳಿ ಇದ್ದದ್ದರಿಂದ ಅದನ್ನು ಇರುವೆ ಎಂದು ಕರೆಯುತ್ತಿದ್ದರು. ಒಂದು ತಟ್ಟೆಯಲ್ಲಿ ಹಿಡಿ ಮಣ್ಣು ಹಾಕಿಕೊಂಡು, ತಲೆಯ ಮೇಲಿಟ್ಟು, ಮುಕ್ಕಾಲು ಪಾಲು ಮೈಮೇಲೇ ಚೆಲ್ಲಿಕೊಂಡು, ಒಡ್ಡಿನ ಮೇಲೆ ತಂದು ಸುರಿಯುತ್ತಿತ್ತು. "ದೊಡ್ಡಮ್ಮ, ನಂದೂ ತುಳಿ" ಅನ್ನುತ್ತಿತ್ತು. ಸಂಜೆ ಅದರ ಕೂದಲಿನ ಮಣ್ಣು ತೆಗೆಯಲು ದೊಡ್ಡಕ್ಕನಿಗೆ ಒಂದು ಬಾಚಣಿಗೆ ಸಾಲುತ್ತಿರಲಿಲ್ಲ.

ಕೆಲಸ ಮುಗಿಯಿತು. ಗುಂಡಿ ಉಳಿಯಿತು. ಮನೆಗಳ ಬೆನ್ನಿಗೇ, ಒಬ್ಬ ಗಂಡಸು ನಿಂತರೆ ಮುಳುಗುವಷ್ಟು ಆಳ. ದೊಡ್ಡಕ್ಕ ಮೇಸ್ತ್ರಿಯನ್ನು ಕೇಳಿದಳು. "ಮುಚ್ಚೋ ಕೆಲಸ ಎಸ್ಟಿಮೇಟಲ್ಲಿ ಇಲ್ಲ, ನೋಡೋಣ" ಅಂದ. ಒಮ್ಮೆ ಕೇಳಿದಳು. ಎರಡನೇ ಸಲ ಕೇಳಲಿಲ್ಲ. ತಂಗಿಗೆ ಗಂಡು ಮಗು ಹುಟ್ಟಿತ್ತು. ಬಿಸಿನೀರು, ಬಾಣಂತಿಯ ಊಟ, ಕೂಸಿನ ಬಟ್ಟೆ. ಮನೆ ತುಂಬಿತ್ತು. ತುಂಬಿದ ಮನೆಯ ಹಿಂದೆ ಒಂದು ಗುಂಡಿ ಇರುವುದು ಅವಳಿಗೆ ಮರೆತಿತ್ತು.

ಮಳೆ ಬಂತು. ಇಂಜಿನಿಯರ್ ಹೇಳಿದ ಹಾಗೇ ಆಯಿತು. ನೀರು ಮೆಲ್ಲಗೆ ಏರಿ ಮೊಣಕಾಲಿಗೆ ಬಂದು ನಿಂತಿತು. ಓಣಿಯವರು ಪಾತ್ರೆ ಹಾಸಿಗೆಗಳನ್ನು ಅಟ್ಟಕ್ಕೆ ಏರಿಸಿದರು. ಮಕ್ಕಳಿಗೆ ಹಬ್ಬ. ಇರುವೆ ಹಿತ್ತಲ ಬಾಗಿಲಲ್ಲಿ ತೇಲಿ ಹೋಗುತ್ತಿದ್ದ ಬಟ್ಟೆ ಒಗೆಯುವ ಬೋಗುಣಿಯನ್ನು ನೋಡಿತು. ಅದನ್ನು ಎಳೆದು ತರಲು ಹೊರಟಿತು. ಹಿತ್ತಲೆಲ್ಲ ಒಂದೇ ಬಣ್ಣದ ಕೆಂಪು ನೀರು. ನೆಲ ಎಲ್ಲಿ ಮುಗಿಯುತ್ತದೆ, ಗುಂಡಿ ಎಲ್ಲಿ ಶುರುವಾಗುತ್ತದೆ, ಹೇಳುವುದಕ್ಕೆ ಒಂದು ಕಡ್ಡಿಯನ್ನೂ ಅಲ್ಲಿ ಯಾರೂ ನೆಟ್ಟಿರಲಿಲ್ಲ.

ತಂಗಿ ಮಂಚದ ಮೇಲೆ ಕೂಸಿಗೆ ಹಾಲು ಕೊಡುತ್ತಿದ್ದಳು. ಮಗಳು ಅಕ್ಕನ ಮನೆಯಲ್ಲಿದ್ದಾಳೆ ಅಂದುಕೊಂಡಿದ್ದಳು. ಮಗು ಅವ್ವನ ಹತ್ತಿರ ಇದೆ ಎಂದು ದೊಡ್ಡಕ್ಕ ಅಂದುಕೊಂಡಿದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ.

ಗುಂಡಿಗೆ ಇಳಿದವಳು ದೊಡ್ಡಕ್ಕ. ಎಲ್ಲಿ ಎಷ್ಟು ಆಳ ಎಂದು ಅವಳಿಗೆ ಗೊತ್ತಿತ್ತು, ಅಗೆಸಿದವಳು ಅವಳೇ. ಬಾಗಿಲ ಚೌಕಟ್ಟಿಗೆ ಕಟ್ಟಿದ ಹಗ್ಗ ಹಿಡಿದು, ಉಸಿರು ಕಟ್ಟಿ ಮುಳುಗಿ, ತಳದಲ್ಲಿ ಕಾಲಾಡಿಸಿ ಹುಡುಕಿದಳು. ಹಿಮ್ಮಡಿಗೆ ಸಿಕ್ಕಿತು.

ಸಿಹಿ ಡಬ್ಬ ಬಂದದ್ದು ಇದಾದ ಮೇಲೆ. ತಂದ ಆಳಿಗೆ ಏನೂ ಗೊತ್ತಿರಲಿಲ್ಲ ಪಾಪ. ರೇಡಿಯೋ ಅದನ್ನು ಅವನ ಕೈಯಲ್ಲೇ ವಾಪಸು ಕಳಿಸಿದಳು. ಆ ದಿನ ಅವಳೂ ಮಾತಾಡಲಿಲ್ಲ.

ತಂಗಿ ಅಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆಯಾಚೆಯಿಂದ "ಅಕ್ಕ, ಉಪ್ಪಿದೆಯಾ?" ಎಂದು ಕೇಳುತ್ತಿದ್ದಳು. "ಕೂಸಿಗೆ ಯಾಕೋ ಮೈ ಬೆಚ್ಚಗಿದೆ, ನೋಡು ಬಾ" ಅನ್ನುತ್ತಿದ್ದಳು. ದೊಡ್ಡಕ್ಕ ಹೋಗುತ್ತಿದ್ದಳು, ನೋಡುತ್ತಿದ್ದಳು, ಒಲೆ ಹಚ್ಚಿ ಕೊಡುತ್ತಿದ್ದಳು. ತಂಗಿಯ ಪಾತ್ರೆ ಬೆಳಗಿ, ತಂಗಿಯ ನೀರು ತುಂಬಿ, ತನ್ನ ಮನೆಯಲ್ಲಿ ಉಪವಾಸ ಮಲಗುತ್ತಿದ್ದಳು. 'ನಾನೇ ಅಲ್ವಾ ಅಲ್ಲಿ ಅಗೀರಿ ಅಂದದ್ದು' ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಓಣಿಗೆಲ್ಲ ಗೊತ್ತಿದ್ದ ಮಾತು. ಯಾರೂ ಆಡುತ್ತಿರಲಿಲ್ಲ.

ನೀರು ಇಳಿದರೂ ಗುಂಡಿಯಲ್ಲಿ ಅರ್ಧ ನಿಂತೇ ಇತ್ತು. ಅದನ್ನು ಮುಚ್ಚಿಸಿ ಎಂದು ಕೇಳಲು ದೊಡ್ಡಕ್ಕ ಕಚೇರಿಗೆ ಹೋದಳು. ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ.

"ಕೆಸರು ಕಾಲು. ಅಲ್ಲೇ ನಿಂತು ಮಾತಾಡು."

ಹೊಸ್ತಿಲಾಚೆಯೇ ನಿಂತಳು. ಇಂಜಿನಿಯರ್ ಮೇಜಿನ ಹಿಂದಿನಿಂದ ಎದ್ದು ಬಾಗಿಲವರೆಗೆ ಬಂದ. ಅವನಿಗೂ ಬೇಸರವಾಗಿತ್ತು, ಸುಳ್ಳು ಹೇಳಬಾರದು.

"ನನಗೂ ಹೆಣ್ಣು ಮಗು ಇದೆಯಮ್ಮ. ಕೇಳಿ ಊಟ ಸೇರಲಿಲ್ಲ."

"ಆ ಗುಂಡಿ ಮುಚ್ಚಿಸಿಬಿಡಿ ಸ್ವಾಮಿ."

"ಅದಕ್ಕೆ ಬೇರೆ ಮಂಜೂರಾತಿ ಬೇಕು. ಈಗ ಇರೋದು ಒಡ್ಡು ಎತ್ತರಿಸೋ ಕೆಲಸ. ಈ ಸಲ ನೀರು ಒಡ್ಡಿನ ತಲೆಮಟ್ಟಕ್ಕೆ ಬಂದುಬಿಟ್ಟಿತ್ತು, ಪೇಟೆಯವರು ಹೆದರಿದ್ದಾರೆ."

"ಒಡ್ಡು ಏರಿದ್ರೆ ನಮ್ಮ ಕಡೆ ನೀರೂ ಏರುತ್ತಲ್ಲ."

"ಸ್ವಲ್ಪ."

"ಎಷ್ಟು ಸ್ವಲ್ಪ?"

ಅವನು ದನಿ ತಗ್ಗಿಸಿ ಅಂದ: "ನೋಡಮ್ಮ, ನಾನು ಗುರುತು ಹಾಕಿದ್ದು ದಿಬ್ಬಕ್ಕೆ. ಹಿತ್ತಲಲ್ಲಿ ಅಗೀತೀವಿ ಅಂತ ಕೇಳ್ಕೊಂಡವರು ನೀವೇ. ಈಗ ಅದನ್ನೆಲ್ಲ ಕೆದಕಿದ್ರೆ ತಪ್ಪು ಯಾರ ತಲೆ ಮೇಲೆ ಬರುತ್ತೆ? ಯೋಚನೆ ಮಾಡು. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವನ ಮಾತಿನಲ್ಲಿ ಸುಳ್ಳು ಎಲ್ಲಿತ್ತು? ದೊಡ್ಡಕ್ಕ ಹೊಸ್ತಿಲ ಮೇಲೆ ತನ್ನ ಕಾಲಿನಿಂದ ಉದುರಿದ ಕೆಸರನ್ನು ಕೈಯಲ್ಲಿ ಬಳಿದುಕೊಂಡು ಹೊರಟು ಬಂದಳು. ದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಕೆಸರು ಒಣಗಿ ಬೆರಳ ಸಂದಿಯಲ್ಲಿ ಬಿರಿದಿತ್ತು.

ಮೇಸ್ತ್ರಿ ಮಾರನೇ ದಿನವೇ ಬಂದ. "ದೊಡ್ಡಕ್ಕ, ಗುಂಪು ಕರ್ಕೊಂಡು ಬಾ. ಈ ಸಲ ಅಗೆಯೋ ಕೆಲಸ ಇಲ್ಲ. ಲಾರಿಯಲ್ಲಿ ಮಣ್ಣು ಬರುತ್ತೆ. ಲಾರಿ ಒಡ್ಡಿಗೆ ಹತ್ತಲ್ಲ, ಓಣಿ ಬಾಯಲ್ಲೇ ಸುರಿದು ಹೋಗ್ತಾರೆ. ಮೇಲೆ ಹೊತ್ತು ಹಾಕಿದ್ರೆ ಆಯ್ತು."

"ನಾನು ಬರಲ್ಲ."

"ನೀನು ಬರದಿದ್ರೆ ಯಾರೂ ಬರಲ್ವೇ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

"ಬರಲ್ಲ ಅಂದೆನಲ್ಲ."

ಅವನು ಹೋದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಜಗಲಿಯಲ್ಲಿ ಕೂತರು. ಕೊನೆಗೆ ರೇಡಿಯೋ ಬಾಯಿ ಬಿಟ್ಟಳು.

"ಬೈದ್ರೂ ಪರವಾಗಿಲ್ಲ, ಹೇಳಿಬಿಡ್ತೀನಿ. ನಿನ್ನ ಸಂಕಟಕ್ಕೆ ನಮ್ಮ ಒಲೆ ಆರಬೇಕಾ ದೊಡ್ಡಕ್ಕ? ಮಳೆಗಾಲದಲ್ಲಿ ಬೇರೆ ಕೆಲಸ ಎಲ್ಲಿದೆ? ನಾವು ಹೋಗದಿದ್ರೆ ಬೇರೆ ಊರಿಂದ ಆಳು ತರ್ತಾರೆ. ಒಡ್ಡು ಏರೋದು ಏರುತ್ತೆ, ನಾವು ಮುಳುಗೋದು ಮುಳುಗ್ತೀವಿ. ಮುಳುಗೋರು ಹೊಟ್ಟೆ ತುಂಬಿಸ್ಕೊಂಡಾದ್ರೂ ಮುಳುಗಬಾರದಾ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಹಿಂದೆ ದೊಡ್ಡಕ್ಕ ತಂಗಿಯ ಮೇಲಿನ ಪ್ರೀತಿಗೆ ಒಂದು ಮಾತಾಡಿದ್ದಳು, ಅದರ ಫಲ ಹಿತ್ತಲಲ್ಲಿ ನಿಂತಿತ್ತು. ಈಗ ತನ್ನ ಸಂಕಟಕ್ಕೆ ಒಂದು ಮಾತಾಡಿ ಇಷ್ಟು ಮನೆಗಳ ಒಲೆ ಆರಿಸುವುದೇ? ತನ್ನ ಬಾಯಿಯ ಮೇಲೇ ಅವಳಿಗೆ ನಂಬಿಕೆ ಹೋಗಿತ್ತು.

ಅಷ್ಟರಲ್ಲಿ ತಂಗಿ ಬಂದಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಮಡಿಸಿದ ಸಿಂಬೆಯ ಬಟ್ಟೆ.

"ನಾಳೆ ನಾನೂ ಬರ್ತೀನಿ. ಕೂಸನ್ನ ಪಕ್ಕದ ಮನೆ ಅಜ್ಜಿ ನೋಡ್ಕೋತಾಳೆ. ಅಕ್ಕಿ ಮುಗೀತು ಅಕ್ಕ, ಹೋಗೋಣ."

ಆ ಬಾಯಿಂದಲೇ 'ಹೋಗೋಣ' ಎಂದು ಬಂದಿತು. ದೊಡ್ಡಕ್ಕ ಹೂಂ ಅಂದಳು.

ಬೆಳಿಗ್ಗೆ ಲಾರಿ ಓಣಿಯ ಬಾಯಲ್ಲಿ ಮಣ್ಣು ಸುರಿದು ಹೋಗಿತ್ತು. ಮನೆಗಳ ಸೂರಿಗಿಂತ ಎತ್ತರದ ಗುಡ್ಡೆ. ಇಂಜಿನಿಯರ್ ಒಡ್ಡಿನ ಮೇಲೆ ಛತ್ರಿ ಹಿಡಿದು ನಿಂತಿದ್ದ, ಪಕ್ಕದಲ್ಲಿ ಮೇಸ್ತ್ರಿ. ಇಬ್ಬರು ಗಂಡಾಳುಗಳು ಸಲಿಕೆಯಿಂದ ಬಾಂಡ್ಲಿಗಳಿಗೆ ತುಂಬಿದರು. ತುಂಬಿದ ಬಾಂಡ್ಲಿಯನ್ನು ಒಬ್ಬಳೇ ಎತ್ತಿಕೊಳ್ಳಲಾಗುವುದಿಲ್ಲ. ಇನ್ನೊಬ್ಬಳು ಅಂಚು ಹಿಡಿದು ತಲೆಗೆ ಹೊರಿಸಬೇಕು. ತಂಗಿ ರೇಡಿಯೋ ಕಡೆ ತಿರುಗಿ, "ಚಿಕ್ಕಮ್ಮ, ಹೊರಿಸು" ಅಂದಳು. ದೊಡ್ಡಕ್ಕ ಅವಳ ಪಕ್ಕದಲ್ಲೇ ನಿಂತಿದ್ದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಆಗ ಅವಳಿಗೆ ಗೊತ್ತಾಯಿತು. ಉಪ್ಪು ಕೇಳಿದ್ದು, ಕೂಸನ್ನು ತೋರಿಸಿದ್ದು, ಎಲ್ಲ ಇತ್ತು. ಭಾರ ಮಾತ್ರ ತಂಗಿ ಅವಳ ಕೈಗೆ ಕೊಡಲೊಲ್ಲಳು.

ಸಾಲು ಹೊರಟಿತು. ಮುಂದೆ ದೊಡ್ಡಕ್ಕ, ಅವಳ ಹಿಂದೆ ತಂಗಿ, ಹಿಂದೆ ಉಳಿದವರು. ತಲೆಯ ಮೇಲೆ ಭಾರ ಇದ್ದಾಗ ಮಣ್ಣು ಹೊರುವವಳು ದಾರಿ ನೋಡುವುದಿಲ್ಲ. ಕುತ್ತಿಗೆ ಎತ್ತಲಾಗುವುದಿಲ್ಲ, ತಿರುಗಿಸಲಾಗುವುದಿಲ್ಲ. ಕಣ್ಣಿಗೆ ಕಾಣುವುದು ಮುಂದಿನವಳ ಹಿಮ್ಮಡಿ ಮಾತ್ರ. ಮುಂದಿನ ಹಿಮ್ಮಡಿ ಹೋದಲ್ಲಿ ಹಿಂದಿನ ಪಾದ. ಎಲ್ಲರಿಗಿಂತ ಮುಂದಿನವಳೊಬ್ಬಳಿಗೇ ದಾರಿ.

ಓಣಿಯ ಕೊನೆಯಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಒಡ್ಡಿನ ಏರು. ಬಲಕ್ಕೆ ಮನೆಗಳ ಹಿತ್ತಲು.

ದೊಡ್ಡಕ್ಕ ಏನೂ ಯೋಚಿಸಿಟ್ಟುಕೊಂಡು ಬಂದಿರಲಿಲ್ಲ. ಅವಳ ಕಾಲು ಬಲಕ್ಕೆ ತಿರುಗಿತು. ಹಿಂದೆ ಒಂದೊಂದೇ ಪಾದ ಬಲಕ್ಕೆ ತಿರುಗುವ ಸದ್ದು ಕೇಳಿತು. ಗುಂಡಿಯ ಅಂಚಿಗೆ ಬಂದು ನಿಂತಳು. ಕೆಂಪು ನೀರು, ಅದರ ಮೇಲೆ ನೊರೆ. ಬಾಂಡ್ಲಿಯನ್ನು ಮುಂದಕ್ಕೆ ಬಗ್ಗಿಸಿದಳು. ಮಣ್ಣು ನೀರಿಗೆ ಬಿದ್ದು ದೊಪ್ಪೆಂದಿತು.

ಒಡ್ಡಿನ ಮೇಲಿಂದ ಮೇಸ್ತ್ರಿ ಕೂಗಿದ. "ಏಯ್! ಎಲ್ಲಿಗೆ ಹಾಕ್ತಿದ್ದೀಯ? ತಲೆ ಕೆಟ್ಟಿದೆಯಾ? ಅದು ಒಡ್ಡಿನ ಮಣ್ಣು!"

ತಂಗಿ ಗುಂಡಿಯ ಮುಂದೆ ನಿಂತಿದ್ದಳು. ಅವತ್ತಿನಿಂದ ಅವಳು ಹಿತ್ತಲ ಬಾಗಿಲು ತೆಗೆದವಳಲ್ಲ. ತಲೆಯ ಮೇಲೆ ಭಾರ, ಕಣ್ಣ ಮುಂದೆ ಆ ನೀರು. ಅವಳ ಹಿಂದೆ ಸಾಲು ನಿಂತಿತು. ಯಾರೂ ಭಾರ ಇಳಿಸಲಿಲ್ಲ.

ಮೇಸ್ತ್ರಿ ಜಾರುತ್ತ ಇಳಿದು ಬಂದ, ಹಿಂದೆ ಇಂಜಿನಿಯರ್.

"ಏನಮ್ಮ ಇದು? ಪೇಟೆ ಮುಳುಗಬೇಕಾ ನಿಮಗೆ? ಅಲ್ಲೂ ಮಕ್ಕಳಿದ್ದಾರೆ!" ಅಂದ ಇಂಜಿನಿಯರ್.

"ಇದ್ದಾರೆ ಸ್ವಾಮಿ. ನಿಂತಿರೋ ಒಡ್ಡಿನಿಂದ ಒಂದು ಹೆಂಟೆ ಮಣ್ಣು ತೆಗೆದಿದ್ದೀನಾ ನಾನು? ಅದು ಇದ್ದ ಹಾಗೇ ಇರಲಿ. ಅದರ ಮೇಲೆ ಇನ್ನೊಂದು ಬುಟ್ಟಿ ಹಾಕಲ್ಲ."

"ಈ ಗುಂಡಿ ಆಗಿದ್ದು ನಿನ್ನಿಂದ. ಮರೆತುಬಿಟ್ಯಾ?"

ದೊಡ್ಡಕ್ಕ ಖಾಲಿ ಬಾಂಡ್ಲಿಯನ್ನು ಸೊಂಟಕ್ಕೆ ಆನಿಸಿಕೊಂಡಳು.

"ಮರೆಯೋದುಂಟಾ? ಇಲ್ಲಿ ಅಗೀರಿ ಅಂದವಳು ನಾನು. ಮುಚ್ಚಿ ಅಂತ ಒಂದೇ ಸಲ ಕೇಳಿ ಸುಮ್ಮನಾದವಳೂ ನಾನೇ. ಆ ಪಾಲು ನಂದು, ಸಾಯೋತನಕ ಹೊರ್ತೀನಿ. ನೀರು ಈ ಕಡೆ ನಿಲ್ಲಲಿ ಅಂದವರು ಯಾರು? ಬೂಟಲ್ಲಿ ಒತ್ತಿ ನೋಡಿ ಒಳ್ಳೇದಾಯ್ತು ಅಂದವರು ಯಾರು? ಅಗೆದ ಮೇಲೆ ಮುಚ್ಚಬೇಕು ಅಂತ ಬರೀದೇ ಹೋದವರು ಯಾರು? ನಿಮ್ಮ ಪಾಲನ್ನೂ ನನ್ನ ತಲೆ ಮೇಲೇ ಹಾಕಿ ನಡಿ ನಡಿ ಅಂದ್ರೆ ನಡೆಯಲ್ಲ."

"ಪೊಲೀಸರನ್ನ ಕರೆಸ್ತೀನಿ" ಎಂದು ಮೇಸ್ತ್ರಿ ಅರಚಿದ.

"ಕರೆಸಪ್ಪ," ಅಂದಳು ರೇಡಿಯೋ ಸಾಲಿನ ಮಧ್ಯದಿಂದ. "ಬರುವಾಗ ಅವರಿಗೂ ಒಂದೊಂದು ಬಾಂಡ್ಲಿ ತರೋಕೆ ಹೇಳು. ಗುಂಡಿ ದೊಡ್ಡದಿದೆ. ನನ್ನ ಕುತ್ತಿಗೆ ಬಿದ್ದುಹೋಗ್ತಿದೆ, ಮುಂದಿನವರು ಸುರೀರೇ!"

ತಂಗಿ ಸುರಿದಳು. ಬಾಂಡ್ಲಿಯೂ ಕೈಜಾರಿ ಅಂಚಿನಲ್ಲಿ ಬಿತ್ತು. ಅವಳು ಪಕ್ಕಕ್ಕೆ ಸರಿದಳು. ರೇಡಿಯೋ ಬಂದು ಸುರಿದಳು. ಅವಳ ಹಿಂದಿನವಳು ಸ್ವಲ್ಪ ಹೊತ್ತು ಮೇಸ್ತ್ರಿಯ ಮುಖ ನೋಡಿ, ಆಮೇಲೆ ಸುರಿದಳು. ಇಬ್ಬರು ಮಾತ್ರ ಬಾಂಡ್ಲಿ ಇಳಿಸಿ ತಲೆ ತಗ್ಗಿಸಿ ಮನೆಗೆ ಹೋದರು. ಅವರನ್ನು ಯಾರೂ ಬೈಯಲಿಲ್ಲ. ಇಂಜಿನಿಯರ್ ಫೋನು ಕಿವಿಗಿಟ್ಟುಕೊಂಡು ಒಡ್ಡಿನ ಕಡೆ ನಡೆದ.

ಹೆಂಗಸರು ಮತ್ತೆ ಗುಡ್ಡೆಯ ಹತ್ತಿರ ಬಂದರು. ಗಂಡಾಳುಗಳು ಸಲಿಕೆ ಊರಿಕೊಂಡು ನಿಂತಿದ್ದರು, ತುಂಬಲಿಲ್ಲ. ತಂಗಿ ಅವರ ಕೈಯಿಂದ ಸಲಿಕೆ ಕಿತ್ತುಕೊಂಡು ತಾನೇ ತುಂಬತೊಡಗಿದಳು. ತುಂಬುತ್ತ, ಅಕ್ಕನ ಕಡೆ ನೋಡದೆ, ಓಣಿಗೆಲ್ಲ ಕೇಳುವ ಹಾಗೆ ಅಂದಳು:

"ನೀನೇ ಅಲ್ವಾ ಅಕ್ಕ ಅಲ್ಲಿ ಅಗೀರಿ ಅಂದದ್ದು? ನನ್ನ ಕಾಲು ನೋಯುತ್ತೆ ಅಂತ ನಾನು ಕೇಳಿದ್ನಾ ನಿನ್ನ? ಒಂದು ಮಾತು ಕೇಳಿದ್ನಾ?"

"ಇಲ್ಲ" ಅಂದಳು ದೊಡ್ಡಕ್ಕ. "ನೀನು ಕೇಳಲಿಲ್ಲ."

"ನನ್ನ ಮಗು ಅಕ್ಕ ಅದು."

"ಹೌದವ್ವ."

ತಂಗಿ ಅತ್ತಳು. ಅಳುತ್ತಲೇ ಬಾಂಡ್ಲಿ ಗೋಪುರದ ಹಾಗೆ ತುಂಬಿದಳು, ಯಾರೂ ಹೊರಲಾರದಷ್ಟು. ದೊಡ್ಡಕ್ಕ ಮೇಲಿನ ಎರಡು ಸಲಿಕೆ ಮಣ್ಣನ್ನು ಕೈಯಿಂದ ಕೆಳಗೆ ತಳ್ಳಿದಳು. ತಂಗಿ ಮೂಗೊರೆಸಿಕೊಂಡು, ಸಿಂಬೆ ಸುತ್ತಿ ತಲೆಗಿಟ್ಟುಕೊಂಡು, ಮಂಡಿಯೂರಿ ಒಂದು ಅಂಚು ಹಿಡಿದಳು. ಇನ್ನೊಂದು ಅಂಚು ಅಕ್ಕನ ಕಡೆಗಿತ್ತು.

"ಹೊರಿಸು" ಅಂದಳು.